ಕೆಲಸವಿಲ್ಲದವಳಿಗೆ ದಿನವೂ ಹಾಜರಿ

"ನೀವು ಈ ಹೆಂಗಸಿಗೆ ಏನಾಗಬೇಕು?"

ಹೋದ ವಾರ ಸರ್ಕಾರಿ ಲೇಬರ್ ಆಫೀಸಿನ ಸಾಹೇಬರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಕೇಳಿದ್ದು ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ನಿಂತಿದ್ದ ಶಾಂತವ್ವನಿಗೆ ತಿಳಿಯಬಾರದೆಂದೋ, ನನಗೆ ಮರ್ಯಾದೆ ಕೊಟ್ಟಂತಾಗಲೆಂದೋ, ಗೊತ್ತಿಲ್ಲ. ನನ್ನ ಸೀರೆ ನೋಡಿದರು, ಕೈಗಡಿಯಾರ ನೋಡಿದರು, ಆಮೇಲೆ ಅವಳ ಸೀರೆ ನೋಡಿದರು. ಎರಡಕ್ಕೂ ಲೆಕ್ಕ ಕೂಡಲಿಲ್ಲ ಅಂತ ಕಾಣುತ್ತದೆ.

ಪ್ರತಿ ವಾರ ಇಲ್ಲಿ ನಾನು ಸೀಮೆಎಣ್ಣೆ ಕ್ಯೂ, ಲೋಕಲ್‌ನ ಲೇಡೀಸ್ ಕಂಪಾರ್ಟ್‌ಮೆಂಟು, ಬಾಡಿಗೆ ಮನೆಯ ನಲ್ಲಿ ಅಂತ ಏನಾದರೂ ಹರಟುತ್ತೇನೆ. ನೀವೂ ನಕ್ಕು ಪುಟ ತಿರುಗಿಸುತ್ತೀರಿ. ಈ ವಾರ ನಗು ಬರುವುದಿಲ್ಲ, ಕ್ಷಮಿಸಿ. ಸಿಟ್ಟು ಬಂದಿದೆ. ಅದನ್ನು ಒಗ್ಗರಣೆ ಹಾಕದೆ ಹಾಗೇ ಬಡಿಸುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ.

ಬೊಂಬಾಯಿಯ ವಡಾಲದ ನಮ್ಮ ಕಾಲೊನಿಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಡಬ್ಬಿ ಕಾರ್ಖಾನೆ ಇದೆ. ಬಿಸ್ಕತ್ತು, ಬಣ್ಣ, ಎಣ್ಣೆ ತುಂಬುವ ತಗಡಿನ ಡಬ್ಬಿಗಳು ಅಲ್ಲಿ ತಯಾರಾಗುತ್ತಿದ್ದವು. ಮಳೆಗಾಲ ಮುಗಿದ ಮೇಲೆ ತಗಡು ಬರುವುದು ನಿಂತಿತು. (ಪರದೇಶದಿಂದ ಬರಬೇಕಂತೆ, ಲೈಸೆನ್ಸ್ ಸಿಕ್ಕಿಲ್ಲವಂತೆ. ನಮ್ಮ ದೇಶದಲ್ಲಿ ಯಾವುದು ಬರದಿದ್ದರೂ ಕಾರಣ ಅದೇ ತಾನೆ?) ಮಶಿನ್ನುಗಳು ನಿಂತವು. ಕಾಲೊನಿಯಲ್ಲಿ ಮಧ್ಯಾಹ್ನ ಸದ್ದಿಲ್ಲದೆ ಮಲಗಬಹುದು ಎಂದು ನಾವೆಲ್ಲ ಮಾತಾಡಿಕೊಂಡೆವು.

ಆದರೆ ಕಾರ್ಖಾನೆ ನಿಂತ ಮೇಲೂ ಗೇಟಿನ ಮುಂದೆ ಹೆಂಗಸರು ನಿಲ್ಲುವುದು ನಿಲ್ಲಲಿಲ್ಲ. ಬೆಳಿಗ್ಗೆ ಹಾಲಿನ ಬೂತಿನಿಂದ ಬರುವಾಗ ನೋಡುತ್ತಿದ್ದೆ. ಇಪ್ಪತ್ತು ಮೂವತ್ತು ಹೆಂಗಸರು, ಗೋಡೆಗೆ ಒರಗಿಕೊಂಡು, ಮುಚ್ಚಿದ ಗೇಟನ್ನೇ ನೋಡುತ್ತ. ಅಲ್ಲಿ ಏನು ಸಿಗುತ್ತದೆ? ಸಕ್ಕರೆಯೇ, ಸೀಮೆಎಣ್ಣೆಯೇ? (ಈ ಊರಿನಲ್ಲಿ ಕ್ಯೂ ಕಂಡರೆ ಮೊದಲು ನಿಂತು ಆಮೇಲೆ ವಿಚಾರಿಸುವುದು ನನ್ನ ಅಭ್ಯಾಸ.)

ಒಂದು ದಿನ ಸೊಪ್ಪಿನವಳ ಮೇಲೆ ಕನ್ನಡದಲ್ಲಿ ಗೊಣಗುತ್ತ ಬರುತ್ತಿದ್ದೆ. ಸಾಲಿನಿಂದ ಒಂದು ದನಿ ಬಂತು.

"ಅಕ್ಕಾರ, ಗಂಟಿ ಎಷ್ಟಾತ್ರಿ?"

ಅವಳೇ ಶಾಂತವ್ವ. ಬಿಜಾಪುರದ ಕಡೆಯವಳು. ಧಾರಾವಿಯಲ್ಲಿ ಮನೆ. ಗಂಡ ಬಸಪ್ಪನಿಗೆ ಅಲ್ಲೇ ಚರ್ಮ ಹದ ಮಾಡುವ ಕೆಲಸ. ಸರಕು ಬಂದ ದಿನ ಉಂಟು, ಬಾರದ ದಿನ ಇಲ್ಲ. ಇವಳು ಆರು ವರ್ಷದಿಂದ ಡಬ್ಬಿಗೆ ಮುಚ್ಚಳ ಕೂರಿಸುತ್ತಿದ್ದವಳು. ಬೆರಳುಗಳ ಮೇಲೆಲ್ಲ ತಗಡು ಗೀರಿದ ಬಿಳಿಯ ಗೆರೆಗಳು.

"ಎಂಟಕ್ಕೆ ಐದು ನಿಮಿಷ ಇದೆ" ಎಂದೆ. "ಕಾರ್ಖಾನೆ ಮುಚ್ಚಿದೆಯಲ್ಲ, ಇಲ್ಲಿ ಯಾಕೆ ನಿಂತಿದ್ದೀರಿ?"

"ಹಾಜರಿ ಕೊಡಾಕ್ರಿ."

"ಕೆಲಸವೇ ಇಲ್ಲವಲ್ಲ?"

"ಇಲ್ರಿ. ಕೆಲಸ ಐತೇನಂತ ದಿನಾ ಬಂದು ಕೇಳಬೇಕು. ಅವರು ಇಲ್ಲ ಅಂತಾರ. ಹಂಗ ಕೇಳಿ ಇಲ್ಲ ಅನಿಸಿಕೊಂಡ್ರ ಅರ್ಧಾ ಪಗಾರ. ಬರಲಿಲ್ಲ ಅಂದ್ರ ಆ ಅರ್ಧಾನೂ ಇಲ್ಲ."

ನನಗೆ ತಮಾಷೆ ಮಾಡುತ್ತಿದ್ದಾಳೆ ಅನಿಸಿತು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ಇದನ್ನು ಲೇ-ಆಫ್ ಅನ್ನುತ್ತಾರೆ. ಕೆಲಸದಿಂದ ತೆಗೆಯುವುದೂ ಅಲ್ಲ, ಇಟ್ಟುಕೊಳ್ಳುವುದೂ ಅಲ್ಲ. ಮಾಲೀಕನಿಗೆ ಕೆಲಸ ಕೊಡಲು ಆಗುವುದಿಲ್ಲ; ಆದ್ದರಿಂದ ಕಾನೂನಿನ ಪ್ರಕಾರ ಅರ್ಧ ಸಂಬಳ ಕೊಡಬೇಕು. ಒಳ್ಳೆಯ ಕಾನೂನೇ. ಆದರೆ ಕೆಲಸದವಳು ಪ್ರತಿದಿನ ಹೇಳಿದ ಹೊತ್ತಿಗೆ ಬಂದು, "ನಾನು ಕೆಲಸಕ್ಕೆ ತಯಾರಿದ್ದೇನೆ" ಎಂದು ಮುಖ ತೋರಿಸಬೇಕು. ಬೇರೆ ಕಡೆ ದುಡಿಮೆ ಹುಡುಕಲು ಹೋದರೆ ಆ ದಿನದ ಹಾಜರಿ ಹೋಯಿತು. ಹುಡುಕದೆ ಇದ್ದರೆ ಅರ್ಧ ಹೊಟ್ಟೆ.

ಈ ಕಾನೂನನ್ನು ನನಗೆ ತಿಳಿಸಿದ್ದು ಶಾಂತವ್ವ ಅಲ್ಲ. ಅದೇ ಕಂಪನಿಯಲ್ಲಿ ಕೆಲಸಗಾರರ ಹಾಜರಿ, ಸಂಬಳ ನೋಡಿಕೊಳ್ಳುವ ಪರ್ಸನೆಲ್ ಆಫೀಸರ್. ತಿಳಿಸಿದ್ದು ನಮ್ಮ ಮನೆಯಲ್ಲಿ, ನನ್ನ ಕೈಯ ಬಿಸಿಬೇಳೆ ಹುಳಿಯನ್ನ ಉಣ್ಣುತ್ತ.

ಅವರ ಹೆಸರು ಬರೆಯುವುದಿಲ್ಲ. ಇಲ್ಲಿ ರಾಯರು ಎಂದಿರಲಿ. ಮೈಸೂರಿನ ಕಡೆಯವರು, ನಮ್ಮವರ ಹತ್ತು ವರ್ಷದ ಸ್ನೇಹಿತರು. ಶನಿವಾರದ ಭಜನೆಯಲ್ಲಿ ಅವರದೇ ಮೊದಲ ದನಿ. ಹಬ್ಬಕ್ಕೆ ಅವರ ಮನೆಯವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ. ನನ್ನ ಈ ಅಂಕಣವನ್ನು ಓದಿ ಫೋನ್ ಮಾಡುತ್ತಿದ್ದವರು. ಸೌಮ್ಯ ಮನುಷ್ಯ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವರು.

ಅವತ್ತು ಊಟಕ್ಕೆ ಕೂತಾಗ ನಾನೇ ಕೇಳಿದೆ, "ನಿಮ್ಮ ಗೇಟಿನ ಮುಂದೆ ಆ ಹೆಂಗಸರು ಎಷ್ಟು ದಿನ ನಿಲ್ಲಬೇಕು?"

"ಇನ್ನೇನು ಮುಗೀತಮ್ಮ" ಎಂದರು ರಾಯರು. "ನಲವತ್ತೈದು ದಿನ ಅರ್ಧ ಸಂಬಳ. ನಾಳಿದ್ದಿಗೆ ಆಗೋಗುತ್ತೆ."

"ಆಮೇಲೆ?" ಎಂದರು ನಮ್ಮವರು.

"ಆಮೇಲೂ ಕೊಡಬೇಕು ಅಂತಲೇ ಇದೆ. ಬೇಡ ಅಂತ ಅವರೇ ಒಪ್ಪಿಕೊಂಡ್ರೆ ಕೊಡಬೇಕಾಗಿಲ್ಲ. ಇಲ್ದಿದ್ರೆ ವಾಪಸ್ ಕೆಲಸಕ್ಕೆ ಕರೀಬೇಕು, ಇಲ್ಲಾ ಪರಿಹಾರ ಕೊಟ್ಟು ತೆಗೀಬೇಕು. ಅಲ್ಲಿವರೆಗೂ ಅರ್ಧ ಸಂಬಳ ಎಳೀತಾ ಹೋಗುತ್ತೆ. ಆದ್ರೆ ಆ ಹೆಂಗಸರಿಗೆ ಇದೆಲ್ಲಾ ಎಲ್ಲಿ ಗೊತ್ತು? ನಲವತ್ತೈದು ಆಯ್ತು, ಮುಗೀತು ಹೋಗಿ ಅಂದ್ರೆ ಹೋಗ್ತಾರೆ. ಸ್ವಲ್ಪ ತುಪ್ಪ ಹಾಕಿ."

"ಯೂನಿಯನ್ ಇಲ್ಲವೇ?"

"ಅದು ಮಶಿನ್ ಮೇಲಿನ ಗಂಡಸರದ್ದು. ಅವರದ್ದು ಅವರು ಮಾತಾಡಿಕೊಂಡು ಆಯ್ತು."

ನಾನು ತುಪ್ಪ ಹಾಕಿದೆ. ಅವರು ಚಪ್ಪರಿಸಿ ಉಂಡರು.

ಮರುದಿನ ಬೆಳಿಗ್ಗೆ ಹಾಲಿನ ಬಾಟಲಿ ಹಿಡಿದುಕೊಂಡೇ ಶಾಂತವ್ವನ ಹತ್ತಿರ ಹೋದೆ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಮನೆಗೆ ಬಂದ ಅತಿಥಿ ಆಡಿದ ಮಾತನ್ನು ಬೀದಿಗೆ ಒಯ್ಯಬಾರದು ಎಂದು ನನ್ನ ತಾಯಿ ಕಲಿಸಿದ್ದಾರೆ. ಆದರೆ ಅತಿಥಿಯ ಮಾತಿನಲ್ಲಿ ಮೂವತ್ತು ಜನರ ಅನ್ನ ಇದ್ದರೆ ಏನು ಮಾಡಬೇಕೆಂದು ಅವರು ಕಲಿಸಿರಲಿಲ್ಲ.

ಶಾಂತವ್ವ ಎರಡು ಸಲ ಕೇಳಿಕೊಂಡಳು. "ಒಪ್ಪಿಗಿ ಕೊಡಲಿಲ್ಲ ಅಂದ್ರ ಮುಗಿಯಂಗಿಲ್ಲ. ಹಂಗ ಹೌದಿಲ್ರಿ?"

"ಹೌದು."

"ಯಾರು ಹೇಳಿದ್ರಿ ಇದನ್ನ?"

"ಗೊತ್ತಿರುವವರೇ ಹೇಳಿದ್ದು. ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ."

"ಒತ್ತಂಗಿಲ್ಲ ಬಿಡ್ರಿ" ಎಂದಳು. "ನಂಗ ಸಹಿ ಬರತೈತಿ. ಅದನ್ನೂ ಹಾಕಂಗಿಲ್ಲ."

ನಲವತ್ತೈದು ಮುಗಿದ ಮರುದಿನ ವಾಚ್‌ಮನ್ ಗೇಟಿನ ಸಂದಿಯಿಂದ ಮುಖ ಹೊರಗೆ ಹಾಕಿ, "ಖತಮ್ ಹೋ ಗಯಾ, ಸಬ್ ಘರ್ ಜಾವ್" ಎಂದ. ಮುಗೀತು, ಎಲ್ಲ ಮನೆಗೆ ಹೋಗಿ. ಅರ್ಧಕ್ಕೂ ಹೆಚ್ಚು ಹೆಂಗಸರು ಹೋಗಿಯೇಬಿಟ್ಟರು. ಶಾಂತವ್ವ ಎಷ್ಟು ಕೂಗಿ ಹೇಳಿದರೂ ನಂಬಲಿಲ್ಲ. ಸಾಹೇಬರ ವಾಚ್‌ಮನ್ ಹೇಳುವುದು ಸುಳ್ಳಾಗಿ, ತಮ್ಮ ಜೊತೆ ಮುಚ್ಚಳ ಕೂರಿಸುವವಳು ಹೇಳುವುದು ನಿಜವಾಗುವುದು ಹೇಗೆ? ಉಳಿದವರು ಹತ್ತೋ ಹನ್ನೆರಡೋ ಮಂದಿ. ರಾಯರು ಹೊರಗೆ ಬಂದು ಬುದ್ಧಿ ಹೇಳಿದಾಗ ಶಾಂತವ್ವ ಕೇಳಿದಳಂತೆ, "ಬ್ಯಾಡ ಅಂತ ನಾವೆಲ್ಲಿ ಒಪ್ಪಿಗಿ ಕೊಟ್ಟೀವ್ರಿ ಸಾಹೇಬ್ರ?"

ರಾಯರು ಒಳಗೆ ಹೋದರು. ಹಾಜರಿ ಮುಂದುವರಿಯಿತು.

ಆಮೇಲೆ ಶುರುವಾಯಿತು ನೋಡಿ.

ಬೆಳಿಗ್ಗೆ ಎಂಟರ ಹಾಜರಿ ಮಧ್ಯಾಹ್ನ ಒಂದಕ್ಕೆ ಹೋಯಿತು. ಅರ್ಧ ಸಂಬಳದಲ್ಲಿ ಬದುಕಲಾರದೆ ಕೆಲವರು ಮನೆಗಳಲ್ಲಿ ಪಾತ್ರೆ ತಿಕ್ಕಲು ಹಿಡಿದಿದ್ದರು. ಪಾತ್ರೆ ತಿಕ್ಕುವ ಹೊತ್ತೇ ಅದು. ಇಬ್ಬರು ಮೂವರು ಬಿಟ್ಟರು. ಉಳಿದವರು ಮಧ್ಯಾಹ್ನದ ಮನೆಗಳನ್ನು ಬಿಟ್ಟು ಬೆಳಗಿನ ಮನೆಗಳನ್ನು ಹಿಡಿದರು. ಒಂದು ವಾರಕ್ಕೆ ಹಾಜರಿ ಹತ್ತು ಗಂಟೆಗೆ ಬಂತು. ಮತ್ತೆ ಇಬ್ಬರು ಹೋದರು. ಹೊತ್ತು ಬದಲಾಗಿದೆ ಎಂದು ಮೊದಲೇ ಹೇಳುವವರಿಲ್ಲ. ಬಂದಾಗ ವಾಚ್‌ಮನ್ ಹೇಳುತ್ತಾನೆ, "ಲೇಟ್."

ಸೋಸುವುದು ಅಂದರೆ ಇದು. ಜರಡಿ ಹಿಡಿದ ಕೈ ಮಾತ್ರ ಕಾಣಿಸುವುದಿಲ್ಲ.

ಕೊನೆಗೆ ಐವರು ಉಳಿದರು. ಐವರ ಪೈಕಿ ಬಾಯಿ ಇದ್ದವಳು ಶಾಂತವ್ವ ಒಬ್ಬಳೇ. ಒಂದು ದಿನ ಹಾಜರಿಯ ಹೊತ್ತಿಗೆ ಅವಳನ್ನು ಪಕ್ಕಕ್ಕೆ ಕರೆದು ವಾಚ್‌ಮನ್ ಹೇಳಿದ: ನಾಳೆ ಇಲ್ಲಿಗೆ ಬರಬೇಡ. ವಿಲೆ ಪಾರ್ಲೆಯಲ್ಲಿ ಕಂಪನಿಯ ಗೋಡೌನ್ ಇದೆ. ಅಲ್ಲಿ ಕೆಲಸ ಇದೆ, ಪೂರ್ತಿ ಸಂಬಳ. ಬೆಳಿಗ್ಗೆ ಹೋಗು. ಸಾಹೇಬರ ಹುಕುಂ.

ಶಾಂತವ್ವ ಎಂದೂ ಪಾರ್ಲೆಗೆ ಹೋದವಳಲ್ಲ. ನನ್ನ ನಾದಿನಿಯ ಮನೆ ಅಲ್ಲೇ ಇರುವುದು ಮಾತಿನ ನಡುವೆ ಅವಳಿಗೆ ಗೊತ್ತಾಗಿತ್ತು. ಮನೆಗೆ ಬಂದು ದಾರಿ ಕೇಳಿದಳು. ನಾದಿನಿ ಬಾಣಂತಿ, ನಾನೂ ಒಮ್ಮೆ ನೋಡಿ ಬರಬೇಕಿತ್ತು. "ನಾಳೆ ನಾನೇ ಬರುತ್ತೇನೆ, ಒಟ್ಟಿಗೆ ಹೋಗೋಣ" ಎಂದೆ.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ನೋಡಿದರೆ ಶಾಂತವ್ವ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ಹೊಸ ಜಾಗ, ಮೊದಲ ದಿನ ಎಂದು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. "ಪೂರಾ ಪಗಾರ ಅಂದಾರ್ರಿ ಅಕ್ಕಾರ" ಎಂದು ಟ್ರೈನಿನಲ್ಲಿ ಮೂರು ಸಲ ಹೇಳಿದಳು. ಬಾಂದ್ರಾದಲ್ಲಿ ಬದಲಾಯಿಸುವಾಗ ಜನರ ನೂಕಿನಲ್ಲಿ ನನ್ನ ಸೆರಗು ಹಿಡಿದುಕೊಂಡಳು, ಇಳಿದ ಮೇಲೆ ನಾಚಿ ಬಿಟ್ಟಳು.

ಗೋಡೌನ್ ಹುಡುಕಲು ಒಂದು ಗಂಟೆ ಬೇಕಾಯಿತು. ಏರ್‌ಪೋರ್ಟಿನ ಕಡೆ, ಲಾರಿಗಳು ನಿಲ್ಲುವ ಒಂದು ಓಣಿಯ ಕೊನೆಯಲ್ಲಿ. ಹಳದಿ ಬಣ್ಣದ ಬಾಗಿಲು, ಅದಕ್ಕೆ ಎರಡು ಬೀಗ. ಬಾಗಿಲ ಕೆಳಗಿನಿಂದ ಹುಲ್ಲು ಬೆಳೆದಿತ್ತು. ಒಂದು ಕಾಲು ಊದಿಕೊಂಡ ಮುದುಕ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ.

ನಾವು ಬಂದ ಕಾರಣ ಹೇಳಿದಾಗ ಅವನು ನಕ್ಕ. "ಕೈಸಾ ಕಾಮ್, ಬೆಹೆನ್‌ಜೀ? ಬಾರಿಶ್ ಕೇ ಬಾದ್ ಯಹಾಂ ಕುಛ್ ಆಯಾ ಹೀ ನಹೀ." ಮಳೆಗಾಲದ ನಂತರ ಇಲ್ಲಿಗೆ ಏನೂ ಬಂದೇ ಇಲ್ಲ, ಎಂಥ ಕೆಲಸ?

"ಯಾರಾದರೂ ಸಾಹೇಬರು ಬರಬಹುದು" ಎಂದೆ ನಾನು.

"ಬೀಗದ ಕೈ ವಡಾಲದಲ್ಲೇ ಇದೆ. ಅವರು ಬರದೆ ಇದು ತೆಗೆಯುವುದಿಲ್ಲ" ಎಂದ.

ಶಾಂತವ್ವ ನಂಬಲಿಲ್ಲ. ನಂಬಲು ಅವಳಿಗೆ ಇಷ್ಟವಿರಲಿಲ್ಲ. "ಬರ್ತಾರ್ರಿ. ಕರೆಸ್ಯಾರಂದ ಮ್ಯಾಲ ಬರ್ತಾರ" ಎಂದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತಳು. ನಾನೂ ಕೂತೆ. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಮಧ್ಯಾಹ್ನವಾಯಿತು. ಅವಳು ಬಟ್ಟೆಯ ಗಂಟು ಬಿಚ್ಚಿ, ರೇಶನ್ನಿನ ಕೆಂಪು ಜೋಳದ ರೊಟ್ಟಿ ಮುರಿದು ನನಗೂ ಕೊಟ್ಟಳು. "ಊರಿನ ಜ್ವಾಳಲ್ರಿ ಇದು, ಬಾಯಿಗೆ ಹತ್ತಂಗಿಲ್ಲ" ಎಂದಳು. ನಿಜ, ಹತ್ತಲಿಲ್ಲ. ಇಬ್ಬರೂ ತಿಂದೆವು. ಕಾವಲುಗಾರ ತನ್ನ ಮಡಕೆಯಿಂದ ನೀರು ಕೊಟ್ಟ.

ಯಾರೂ ಬರಲಿಲ್ಲ.

ನಾದಿನಿಯ ಮನೆಗೆ ಹೋಗುವುದನ್ನು ಬಿಟ್ಟು ನಾನೂ ಅವಳ ಜೊತೆಯೇ ವಡಾಲಕ್ಕೆ ವಾಪಸು ಬಂದೆ. ಗೇಟಿನಲ್ಲಿ ಅವಳನ್ನು ಕಂಡದ್ದೇ ವಾಚ್‌ಮನ್ ಬೇರೆ ಕಡೆ ನೋಡುತ್ತ ಹೇಳಿದ, "ತೇರಾ ಬಂದ್ ಹೋ ಗಯಾ."

ನಿನ್ನದು ನಿಂತಿತು. ಯಾಕೆ? ಇವತ್ತು ಈ ಗೇಟಿಗೆ ಬರಲಿಲ್ಲ, ಗೈರುಹಾಜರಿ. ಜೊತೆಗೆ ಕಂಪನಿ ಬೇರೆ ಕೆಲಸ ಕೊಟ್ಟಿತ್ತು, ಅಲ್ಲಿಗೂ ಹೋಗಲಿಲ್ಲ. ಕೊಟ್ಟ ಕೆಲಸ ಬೇಡವೆಂದವಳಿಗೆ ಇನ್ನು ಮುಂದೆ ಅರ್ಧ ಸಂಬಳವೂ ಇಲ್ಲ.

ಅರ್ಥವಾಯಿತೇ? ಅಲ್ಲಿಗೆ ಕಳಿಸಿದ್ದೇ ಇಲ್ಲಿಗೆ ಬಾರದಿರಲಿ ಎಂದು. ಅಲ್ಲಿ ಬೀಗ, ಇಲ್ಲಿ ಬಂದ್. ಇಳಕಲ್ಲ ಸೀರೆ ಉಟ್ಟು ಹೋದವಳು ಕೆಲಸ ಬೇಡವೆಂದವಳು!

ಶಾಂತವ್ವ ಅಳಲಿಲ್ಲ. ವಾಚ್‌ಮನ್‌ನನ್ನು ಬೈಯಲೂ ಇಲ್ಲ. "ಬಾಗಲಾ ಹಳದಿ ಇತ್ತು, ಎರಡ್ ಕೀಲಿ ಇದ್ದು" ಎಂದಷ್ಟೇ ಹೇಳಿದಳು. ಅವನಿಗೆ ಅದು ಅರ್ಥವಾಗಲಿಲ್ಲ, ಕನ್ನಡದಲ್ಲಿ ಹೇಳಿದ್ದಳು.

ಅವತ್ತು ಸಂಜೆಯೇ ರಾಯರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟರು. ಕುಡಿಯಲಿಲ್ಲ.

"ನಾನು ಅವಳ ಜೊತೆ ಪಾರ್ಲೆಗೆ ಹೋಗಿದ್ದೆ ರಾಯರೇ."

ಅವರ ಮುಖ ಒಂದು ಕ್ಷಣ ಬಾಡಿತು. ಆಮೇಲೆ ಕನ್ನಡಕ ಒರೆಸಿದರು. "ಸರೋಜಮ್ಮ, ನೀವು ಇದರಲ್ಲಿ ಬರಬೇಡಿ. ಕಂಪನಿ ವಿಷಯ."

"ಗೋಡೌನಿಗೆ ಬೀಗ ಹಾಕಿತ್ತು."

"ನೋಡಿ, ನಾನೂ ಸಂಬಳದವನೇ. ಮೇಲಿಂದ ಹೇಳ್ತಾರೆ, ನಾನು ಮಾಡ್ತೀನಿ. ಐದು ಜನ ಹೆಂಗಸರು ಹೋಗದೆ ಕೂತ್ರೆ ನನ್ನ ಕೇಳ್ತಾರೆ."

"ನಿಮ್ಮನ್ನು ಕೇಳುತ್ತಾರೆ. ಅವಳ ಊಟ ನಿಲ್ಲುತ್ತೆ. ಎರಡೂ ಒಂದೇನಾ?"

"ಅವಳಿಗೆ ಗಂಡ ಇದ್ದಾನೆ. ಊರಿದೆ. ಈ ಬೊಂಬಾಯಲ್ಲೇ ಯಾಕೆ ಬಿದ್ದಿರಬೇಕು?"

"ನಿಮಗೂ ಊರಿದೆ" ಎಂದೆ. "ಮೈಸೂರು ಚೆನ್ನಾಗಿಯೇ ಇದೆ."

ರಾಯರು ಎದ್ದು ನಿಂತರು. ಮನೆಯೊಡೆಯ ಎದ್ದು ನಿಂತರೆ ಬಂದವರು ಹೊರಡಬೇಕು, ಅದು ನನಗೆ ಗೊತ್ತು. ಹೊರಟೆ. ಬಾಗಿಲಲ್ಲಿ ಅವರು ಮೆಲ್ಲಗೆ ಕೇಳಿದರು, "ನಲವತ್ತೈದರ ವಿಷಯ ಅವಳಿಗೆ ನೀವೇ ಹೇಳಿದ್ದಾ?"

"ನಾನೇ."

"ನಿಮ್ಮ ಮನೇಲಿ ಊಟ ಮಾಡೋವಾಗ ಆಡಿದ ಮಾತು ಅದು."

ಅವರ ದನಿಯಲ್ಲಿ ನಿಜವಾದ ನೋವಿತ್ತು. ಅದೇ ನನಗೆ ಇಂದಿಗೂ ತಡೆಯಲಾಗದ್ದು. ಊಟದ ಮಾತು ಹೊರಗೆ ಹೋಯಿತೆಂದು ನೋವು. ಇಳಕಲ್ಲ ಸೀರೆಯವಳನ್ನು ಬೀಗದ ಮುಂದೆ ಕೂರಿಸಿದ್ದಕ್ಕೆ ನೋವಿಲ್ಲ.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಲೇಬರ್ ಆಫೀಸಿನಲ್ಲಿ ಶಾಂತವ್ವ ದೂರು ಕೊಡುತ್ತಾಳೆ, ನಾನು ಕಂಡದ್ದನ್ನು ಹೇಳಲು ಹೋಗುತ್ತೇನೆ ಎಂದೆ. ಅವರು ರೇಡಿಯೋದ ಗುಂಡಿ ತಿರುಗಿಸಿದರು.

"ಹತ್ತು ವರ್ಷದ ಸ್ನೇಹ ಕಣೆ. ನಾಳೆ ಮುಖ ನೋಡಬೇಕು."

"ಯಾರ ಮುಖ?"

ಅವರು ರೇಡಿಯೋ ಆರಿಸಿದರು. ಕೊನೆಗೆ "ಹೋಗು. ನನ್ನ ಬಾ ಅನ್ನಬೇಡ" ಎಂದರು. ಅಷ್ಟಾದರೂ ಅಂದರಲ್ಲ.

ಹಾಗೆ ಹೋದ ವಾರ ನಾನು ಆ ಆಫೀಸಿನಲ್ಲಿ ನಿಂತಿದ್ದೆ. ಎರಡನೆಯ ಮಹಡಿ. ಬೆಂಚಿನ ಮೇಲೆ ಜಾಗವಿಲ್ಲದೆ ಮೆಟ್ಟಿಲವರೆಗೆ ಜನ. ಎಲ್ಲರೂ ಎಲ್ಲೋ ಕೆಲಸ ಕಳೆದುಕೊಂಡವರೇ. ನಮ್ಮ ಸರದಿ ಬಂದಾಗ ರಾಯರು ಒಳಗೆ ಕುರ್ಚಿಯ ಮೇಲೆ ಕೂತಿದ್ದರು. ಶಾಂತವ್ವನಿಗೆ ಕುರ್ಚಿ ಇರಲಿಲ್ಲ. ನನಗೆ ತರಿಸಿದರು. ನಾನೂ ನಿಂತೇ ಇದ್ದೆ.

ಆಗಲೇ ಸಾಹೇಬರು ಕೇಳಿದ್ದು, ನೀವು ಈ ಹೆಂಗಸಿಗೆ ಏನಾಗಬೇಕು ಎಂದು.

"ಏನೂ ಆಗಬೇಕಿಲ್ಲ" ಎಂದೆ. "ಅವತ್ತು ಜೊತೆಗಿದ್ದೆ."

ಏನು ಕೇಳಿದರೆಂದು ಶಾಂತವ್ವ ನನ್ನನ್ನು ವಿಚಾರಿಸಿದಳು. ಹೇಳಿದೆ. ಅವಳು ತನ್ನ ಧಾರಾವಿ ಹಿಂದಿಯಲ್ಲಿ ನೇರವಾಗಿ ಸಾಹೇಬರಿಗೇ ಹೇಳಿದಳು, "ಇನೋನೆ ದೇಖಾ, ಸಾಬ್." ಆಮೇಲೆ ನನ್ನ ಕಡೆ ತಿರುಗಿ, "ನೀವು ಕಂಡೀರಿ. ಅಷ್ಟ ಸಾಕಲ್ರಿ?"

ಸಾಹೇಬರು ಕೆಟ್ಟವರಲ್ಲ. ದಣಿದಿದ್ದರು. ಮೊದಲು ಅವಳನ್ನು ಕೇಳಿದ್ದು ರಾಯರು ನನಗೆ ಹೇಳಿದ್ದ ಮಾತನ್ನೇ, ಗಂಡ ದುಡಿಯುತ್ತಾನಲ್ಲವೇ? (ಗಂಡಸು ಕೆಲಸ ಕಳೆದುಕೊಂಡು ಬಂದಾಗ ಹೆಂಡತಿ ದುಡಿಯುತ್ತಾಳೇನು ಎಂದು ಯಾರಾದರೂ ಕೇಳಿದ್ದನ್ನು ಕಂಡಿದ್ದೀರಾ?) ನಾನು ಅನುವಾದ ಮಾಡಿದೆ. ಶಾಂತವ್ವ ಹೇಳಿದ್ದನ್ನೂ ಹಾಗೇ ದಾಟಿಸಿದೆ.

"ದುಡೀತಾನ್ರಿ. ಅವ ದುಡಿದ್ರ ನನ್ನ ಕೆಲಸಾ ಹೋಗಿಲ್ಲ ಅಂತ ಆಕ್ಕೇತೇನ್ರಿ?"

ಸಾಹೇಬರು ಪೆನ್ನು ಕೆಳಗಿಟ್ಟು ಮೊದಲ ಸಲ ಅವಳ ಮುಖ ನೋಡಿದರು.

ರಾಯರು ತಮ್ಮ ವಾದ ಹೇಳಿದರು. ಪಾರ್ಲೆ ಗೋಡೌನಿನಲ್ಲಿ ಲೋಡಿಂಗ್ ಕೆಲಸ ಕೊಟ್ಟಿದ್ದೆವು. ಹೋಗಲಿಲ್ಲ. ಈ ಅಮ್ಮನವರು ನಮ್ಮ ಕುಟುಂಬದ ಪರಿಚಯದವರು, ಮೃದು ಹೃದಯದವರು, ಏನೋ ತಪ್ಪು ತಿಳಿದಿದ್ದಾರೆ. ಇದನ್ನು ಹೇಳುವಾಗ ನನ್ನ ಕಡೆ ನೋಡಿ ನಕ್ಕರು ಕೂಡ. ಹತ್ತು ವರ್ಷ ನೋಡಿದ ಅದೇ ನಗು.

ನಾನು ಹಳದಿ ಬಾಗಿಲಿನ ವಿಷಯ ಹೇಳಿದೆ. ಬೀಗದ ವಿಷಯ, ಹುಲ್ಲಿನ ವಿಷಯ, ಕಾಲು ಊದಿದ ಮುದುಕನ ವಿಷಯ ಹೇಳಿದೆ. ಬೇಕಿದ್ದರೆ ಅವನನ್ನು ಕರೆಸಿ ಕೇಳಿ ಎಂದೆ. ನನ್ನ ದನಿ ಏರಿತ್ತು. ಸಾಹೇಬರು ಕೈಯೆತ್ತಿ ತಡೆದು ರಾಯರನ್ನು ಒಂದೇ ಮಾತು ಕೇಳಿದರು.

"ತಗಡಿಲ್ಲ, ಡಬ್ಬಿ ಮಾಡಲು ಆಗುವುದಿಲ್ಲ ಅಂತ ಕಾರ್ಖಾನೆ ನಿಲ್ಲಿಸಿದ್ದೀರಿ. ಹಾಗಾದರೆ ಪಾರ್ಲೆಯಲ್ಲಿ ಲೋಡ್ ಮಾಡುತ್ತಿದ್ದದ್ದು ಏನನ್ನು?"

ರಾಯರು ಕನ್ನಡಕ ತೆಗೆದು ಒರೆಸಿದರು.

ಅಲ್ಲಿಗೆ ತೀರ್ಮಾನವಾಯಿತು. ನಿಲ್ಲಿಸಿದ್ದನ್ನು ಪುನಃ ಕೊಡಬೇಕು. ಕೆಲಸಕ್ಕೆ ಕರೆಯುವವರೆಗೆ, ಇಲ್ಲವೇ ಕಾನೂನಿನಂತೆ ಪರಿಹಾರ ಕೊಟ್ಟು ತೆಗೆಯುವವರೆಗೆ, ಅರ್ಧ ಸಂಬಳ ಮುಂದುವರಿಯಬೇಕು. ಶಾಂತವ್ವನಿಗೂ, ಇನ್ನೂ ಗೇಟಿನಲ್ಲಿ ನಿಲ್ಲುತ್ತಿರುವ ಉಳಿದ ನಾಲ್ವರಿಗೂ. ರಾಯರು ಒಪ್ಪಿ ಸಹಿ ಹಾಕಿದರು.

"ಮನೆಗೆ ಹೋದವರ ಗತಿ?" ಎಂದು ಕೇಳಿದೆ. ಅವತ್ತು ವಾಚ್‌ಮನ್‌ನ ಮಾತು ನಂಬಿ ಹೊರಟುಹೋದ ಅಷ್ಟೂ ಹೆಂಗಸರು?

"ಅವರು ಹಾಜರಿ ಕೊಟ್ಟಿಲ್ಲವಲ್ಲ" ಎಂದರು ಸಾಹೇಬರು. "ತಾವಾಗಿಯೇ ಬರುವುದು ಬಿಟ್ಟರು." ಅವರ ದನಿಯಲ್ಲಿ ಬೇಸರವಿತ್ತು. ಆದರೆ ಹೇಳಿದ್ದು ಅದನ್ನೇ.

ಸುಳ್ಳು ಹೇಳಿ ಕಳಿಸಿದವನಿಗೆ ಏನೂ ಆಗಲಿಲ್ಲ. ಸುಳ್ಳು ನಂಬಿದವರು ತಾವಾಗಿ ಬಿಟ್ಟವರು.

ಮೆಟ್ಟಿಲು ಇಳಿಯುವಾಗ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆ. ಗೆದ್ದೆವಲ್ಲ, ಒಂದು ಚಹಾ ಕುಡಿಯೋಣ ಎಂದು ಹೇಳಬೇಕೆಂದಿದ್ದೆ. ಅರ್ಧ ಮೆಟ್ಟಿಲಲ್ಲಿ ಶಾಂತವ್ವ ಗಕ್ಕನೆ ನಿಂತಳು.

"ಅಕ್ಕಾರ, ನಾಳಿ ಹಾಜರಿ ಎಷ್ಟು ಗಂಟಿಗಂತ ಕೇಳ್ಲೇ ಇಲ್ಲಲ್ರಿ."

ನನಗೆ ಒಂದು ಮಾತು ಹೇಳಲೂ ಬಿಡದೆ, ಸೀರೆ ಎತ್ತಿ ಹಿಡಿದು, ಇಳಿಯುವ ಜನರನ್ನು ತಳ್ಳಿಕೊಂಡು ಮತ್ತೆ ಮೇಲಕ್ಕೆ ಓಡಿದಳು.

ಆ ಓಟ ನನ್ನ ಕಣ್ಣಿಂದ ಹೋಗುತ್ತಿಲ್ಲ. ಅದನ್ನು ನೋಡಿದ ಮೇಲೂ ನಾನು ಗೆದ್ದೆವು ಎನ್ನಲೇ?

ಈಗ ನಮ್ಮ ಸುದ್ದಿ. ಶನಿವಾರದ ಭಜನೆಗೆ ನಮಗೆ ಹೇಳಿಕಳಿಸಲಿಲ್ಲ. ರಾಯರ ಮನೆಯವರು ಮಾಟುಂಗಾ ಮಾರ್ಕೆಟ್ಟಿನಲ್ಲಿ ಎದುರಾದಾಗ ಬಾಳೆಲೆ ನೋಡುತ್ತ ನಿಂತುಬಿಟ್ಟರು. ಕಾಲೊನಿಯ ಇಬ್ಬರು ಗೆಳತಿಯರು ನನಗೆ ಬುದ್ಧಿ ಹೇಳಿದ್ದಾರೆ: ಎಷ್ಟಾದರೂ ಅವರು ನಮ್ಮವರು, ಪರವೂರಿನಲ್ಲಿ ನಾಲ್ಕು ಜನ ಕನ್ನಡದವರು ಒಬ್ಬರನ್ನೊಬ್ಬರು ಬಿಟ್ಟುಕೊಡಬಾರದು.

ಒಪ್ಪಿದೆ. ಬಿಟ್ಟುಕೊಡಬಾರದು. ಶಾಂತವ್ವ ಮಾತಾಡುವುದು ಏನು, ಫ್ರೆಂಚೇ?

ಬಿಜಾಪುರದವಳು ಡಬ್ಬಿಗೆ ಮುಚ್ಚಳ ಕೂರಿಸಿದರೆ ಅವಳು ಲೇಬರ್. ಮೈಸೂರಿನವರು ಅವಳನ್ನು ಗೇಟಿನಿಂದ ಓಡಿಸಿದರೆ ಅವರು ನಮ್ಮವರು. ರಾಜ್ಯೋತ್ಸವದ ದಿನ ವೇದಿಕೆಯ ಮೇಲಿನಿಂದ ಒಂದೇ ತಾಯಿಯ ಮಕ್ಕಳು ಎಂದು ಭಾಷಣ ಮಾಡುತ್ತೇವಲ್ಲ, ಆ ತಾಯಿಗೆ ಧಾರಾವಿಗೆ ಹೋಗುವ ಬಸ್ಸು ಗೊತ್ತಿಲ್ಲವೇ?

ಇದನ್ನು ಓದಿ ರಾಯರಿಗೆ ಬೇಸರವಾಗುತ್ತದೆ. ಆಗಲಿ. ಸಂಪಾದಕರಿಗೆ ಕಾಗದ ಬರುತ್ತದೆ, ಈಕೆಗೆ ಅಡುಗೆ ಮನೆಯ ವಿಷಯ ಬರೆಯಲು ಹೇಳಿ ಎಂದು. ಬರಲಿ. ಇದೂ ಅಡುಗೆ ಮನೆಯ ವಿಷಯವೇ, ಬೇರೆಯವರ ಅಡುಗೆ ಮನೆ.

ತಗಡು ಇನ್ನೂ ಬಂದಿಲ್ಲ. ಈಗ ಹಾಜರಿ ಬೆಳಿಗ್ಗೆ ಒಂಬತ್ತಕ್ಕೆ. ನಿನ್ನೆಯೂ ನೋಡಿದೆ, ಐವರೂ ನಿಂತಿದ್ದರು. ಅವರ ಹಿಂದೆ ಮಾಲೀಕರ ಕಾರು ಬಂತು, ಹಾರ್ನ್ ಮಾಡಿತು, ಅವರು ಸರಿದು ದಾರಿ ಬಿಟ್ಟರು, ಗೇಟು ತೆರೆಯಿತು, ಕಾರು ಒಳಗೆ ಹೋಯಿತು, ಗೇಟು ಮುಚ್ಚಿತು. ಲೈಸೆನ್ಸಿಗೆ ಅವರು ಓಡಾಡಿದ್ದಾರೋ ಇಲ್ಲವೋ, ತಗಡನ್ನು ನಿಜವಾಗಿ ಹುಡುಕಿದ್ದಾರೋ ಇಲ್ಲವೋ, ಅವರನ್ನು ಯಾರೂ ಕೇಳಲಿಲ್ಲ. ವಾಚ್‌ಮನ್ ಸಲಾಮು ಹೊಡೆದ.

ಕೆಲಸ ಮಾಡಲು ತಯಾರಿದ್ದೇನೆ ಎಂದು ಶಾಂತವ್ವ ದಿನವೂ ಬಂದು ನಿಂತು ತೋರಿಸಬೇಕು. ಕೊಡಲು ಕೆಲಸ ಇಲ್ಲವೆಂದು ಮಾಲೀಕರು ದಿನವೂ ಯಾರ ಬಾಗಿಲಲ್ಲಿ ನಿಂತು ತೋರಿಸುತ್ತಾರೆ?